ಡಿಸೋಜ: ಪೋರ್ಚುಗಲ್ಲಿನ ಒಂದು ಹೊಳೆಯ ಹೆಸರು ಬಂಟ್ವಾಳಕ್ಕೆ ಬಂದ ಬಗೆ

ಬೆಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯವರು ಬಂಟ್ವಾಳದ ಕಡೆಯವರು. ಮನೆತನದ ಹೆಸರು ಡಿಸೋಜ. ಆ ಮನೆಯ ಹುಡುಗ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬರಲು ಹೇಳಿದ್ದರು. ಕ್ಲಾಸಿನ ಇನ್ನೊಬ್ಬ ಹುಡುಗ ಇವನಿಗೆ, "ನಿಮ್ಮದು ಫಾರಿನ್ ಹೆಸರು, ನೀವು ಹೊರಗಿನವರು" ಅಂದನಂತೆ. ಸಂಜೆ ನಮ್ಮ ಮನೆಗೆ ಬಂದು ಕೇಳಿದ: "ಅಂಕಲ್, ನಾವು ಪೋರ್ಚುಗೀಸರಾ?"

ಅವನ ಅಜ್ಜಿ ಅಲ್ಲೇ ಇದ್ದರು. ಊರಿನ ರೂಢಿಯಂತೆ ನಾನು ಅವರನ್ನು ಬಾಯಮ್ಮ ಅಂತಲೇ ಕರೆಯುತ್ತೇನೆ. "ಅಲ್ಲ ಮಗಾ, ನಮ್ಮದು ಪ್ರಭು ಮನೆತನ ಅಂತ ನನ್ನ ಮಾವ ಹೇಳ್ತಿದ್ದರು" ಅಂದರು. ಹುಡುಗನಿಗೆ ಇನ್ನೂ ಗೊಂದಲ ಆಯಿತು. ಪ್ರಭು ಆದರೆ ಡಿಸೋಜ ಯಾಕೆ?

ಪ್ರಶ್ನೆ ನನ್ನನ್ನೂ ಬಿಡಲಿಲ್ಲ. ಕೆಲವು ತಿಂಗಳು ಈ ಒಂದೇ ಹೆಸರಿನ ಹಿಂದೆ ಬಿದ್ದೆ. ಅದು ಎಲ್ಲಿ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಇವತ್ತು ಎಲ್ಲೆಲ್ಲಿದೆ ಎಂದು ಹುಡುಕಿದೆ. ಸಿಕ್ಕಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಅದೊಂದು ಹೊಳೆ

ಪೋರ್ಚುಗಲ್ಲಿನ ಉತ್ತರ ಭಾಗದಲ್ಲಿ ಸೋಜ ಎಂಬ ಸಣ್ಣ ನದಿ ಇದೆ. ಫೆಲ್ಗೇರಸ್ ಎಂಬ ಊರಿನ ಗುಡ್ಡಗಳಲ್ಲಿ ಹುಟ್ಟಿ, ಲೊಸಾಡ, ಪೆನಾಫಿಯೆಲ್, ಪರೆಡೆಸ್ ಎಂಬ ಊರುಗಳ ಸೀಮೆ ದಾಟಿ, ಪೋರ್ಟೊ ನಗರಕ್ಕೆ ಸ್ವಲ್ಪ ಮೇಲೆ ದೊಡ್ಡ ದೋರು ನದಿಯನ್ನು ಸೇರುತ್ತದೆ. ಸೇರುವ ಜಾಗದ ಹೆಸರು ಫೋಜ್ ದೊ ಸೋಜ. 'ಸೋಜದ ಅಳಿವೆ' ಎಂದು ಅರ್ಥ. ಹೊಳೆಯ ಎರಡೂ ಕಡೆಯ ಸೀಮೆಯನ್ನು ಹಳೆಯ ಕಾಲದಲ್ಲಿ 'ಸೋಜ ನಾಡು' ಎಂದೇ ಕರೆಯುತ್ತಿದ್ದರು.

ಈ ನಾಡನ್ನು ಹಿಡಿದಿದ್ದ ದೊಡ್ಡ ಮನೆತನಕ್ಕೆ ಜಾಗದ ಹೆಸರೇ ಅಂಟಿಕೊಂಡಿತು. 11ನೇ ಶತಮಾನದ ಎಗಾಸ್ ಗೋಮೆಸ್ ದೆ ಸೋಜ ಎಂಬಾತ ಈ ಹೆಸರನ್ನು ಮೊದಲು ಇಟ್ಟುಕೊಂಡವನು ಎನ್ನುತ್ತಾರೆ. 'ದೆ ಸೋಜ' ಅಂದರೆ 'ಸೋಜದವನು', ಅಷ್ಟೇ. ನಮ್ಮಲ್ಲಿ ಊರ ಹೆಸರು ಮನೆತನಕ್ಕೆ ಅಂಟುವ ಹಾಗೆಯೇ. ಪೊಂಬೇರು ಎಂಬಲ್ಲಿನ ಬೆನೆಡಿಕ್ಟೈನ್ ಮಠಕ್ಕೆ ಈ ಮನೆತನ ಆಸರೆಯಾಗಿತ್ತು. ಮಠದ ಕಲ್ಲಿನ ಚರ್ಚು ಇವತ್ತಿಗೂ ನಿಂತಿದೆ.

ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ನಿಂತು ನೋಡಬೇಕು. ಇಡೀ ಕಥೆಯ ಬೀಜ ಅದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ. 13ನೇ ಶತಮಾನ ಮುಗಿಯುವ ಹೊತ್ತಿಗೆ ಮೂಲ ಸೋಜ ಮನೆತನದಲ್ಲಿ ಗಂಡುಸಂತಾನ ನಿಂತುಹೋಯಿತು. ಲೆಕ್ಕದ ಪ್ರಕಾರ ಹೆಸರೂ ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಹಾಗಾಗಲಿಲ್ಲ. ರಾಜ ಮೂರನೇ ಅಫೊನ್ಸೊನಿಗೆ ಮದುವೆಯ ಹೊರಗೆ ಹುಟ್ಟಿದ ಇಬ್ಬರು ಗಂಡುಮಕ್ಕಳಿದ್ದರು. ಅವರು ಈ ಮನೆತನದ ಕಡೆಯ ಹೆಣ್ಣುಮಕ್ಕಳನ್ನು ಕೈಹಿಡಿದರು. ಮಕ್ಕಳು ತಂದೆಯ ಹೆಸರು ಬಿಟ್ಟು ತಾಯಿಯ ಕಡೆಯ ಹೆಸರನ್ನು ಹೊತ್ತರು. ಆಸ್ತಿ ಆ ಕಡೆ ಇತ್ತು, ಮರ್ಯಾದೆಯೂ ಆ ಕಡೆ ಇತ್ತು. ಮುಂದೆ ಚರಿತ್ರೆಯಲ್ಲಿ ಹೆಸರು ಮಾಡಿದ ಸೋಜರು ಈ ಹೊಸ ಕವಲಿನವರು.

ಅಂದರೆ ಪೋರ್ಚುಗಲ್ಲಿನಲ್ಲೇ, ಗೋವಾ ಎಂಬ ಊರಿದೆ ಎಂದು ಅಲ್ಲಿನವರಿಗೆ ಗೊತ್ತಾಗುವ ಮೊದಲೇ, ಈ ಹೆಸರು ಅಪ್ಪನ ದಾರಿ ಬಿಟ್ಟು ಬೇರೆ ದಾರಿ ಹಿಡಿದಿತ್ತು.

ಜನಸಾಮಾನ್ಯರ ಕಥೆ ಇನ್ನೂ ಸಡಿಲ. 16, 17ನೇ ಶತಮಾನದ ಪೋರ್ಚುಗಲ್ಲಿನಲ್ಲಿ ಒಂದೇ ಮನೆಯ ಅಣ್ಣ ತಮ್ಮಂದಿರಿಗೆ ಬೇರೆ ಬೇರೆ ಮನೆತನದ ಹೆಸರುಗಳು ಇರುತ್ತಿದ್ದವು. ಒಬ್ಬ ಅಪ್ಪನ ಹೆಸರು ಇಟ್ಟುಕೊಂಡರೆ ಇನ್ನೊಬ್ಬ ಅಜ್ಜಿಯ ಹೆಸರು ಇಟ್ಟುಕೊಂಡ. ಒಕ್ಕಲುಗಳು ಒಡೆಯನ ಹೆಸರು ತೆಗೆದುಕೊಂಡದ್ದೂ ಉಂಟು. ಸೋಜ ನಾಡಿನಿಂದ ಬೇರೆಡೆಗೆ ಹೋದ ಬಡವನೂ 'ಸೋಜದವನು' ಎಂದೇ ಕರೆಸಿಕೊಂಡ. ಹಾಗಾಗಿ ಇವತ್ತು ಪೋರ್ಚುಗಲ್ಲಿನಲ್ಲಿ ಸೋಜ ಎಂಬುದು ತುಂಬಾ ಸಾಮಾನ್ಯವಾದ ಹೆಸರು. 2016ರಲ್ಲಿ ಆ ದೇಶದ ಅಧ್ಯಕ್ಷರಾದ ಮಾರ್ಸೆಲೊ ರೆಬೆಲೊ ದೆ ಸೋಜ ಅವರ ಹೆಸರಿನ ಕೊನೆಯಲ್ಲೂ ಇದೇ ಹೊಳೆ ಇದೆ.

ಒಬ್ಬ ಮನುಷ್ಯ, ಎರಡು ಖಂಡ

ಹೆಸರು ಸಮುದ್ರ ದಾಟಿದ್ದನ್ನು ನೋಡಲು ಮಾರ್ಟಿಮ್ ಅಫೊನ್ಸೊ ದೆ ಸೋಜ ಒಬ್ಬನನ್ನು ಹಿಂಬಾಲಿಸಿದರೆ ಸಾಕು. 1532ರಲ್ಲಿ ಈತ ಬ್ರೆಜಿಲ್ಲಿನ ಕರಾವಳಿಯಲ್ಲಿ ಸಾವ್ ವಿಸೆಂಚಿ ಎಂಬ ಊರು ಕಟ್ಟಿದ. ಬ್ರೆಜಿಲ್ಲಿನಲ್ಲಿ ಪೋರ್ಚುಗೀಸರ ಮೊದಲ ಸರಿಯಾದ ವಸಾಹತು ಅದು. ಹತ್ತು ವರ್ಷದ ನಂತರ, 1542ರ ಮೇ 6ರಂದು, ಇದೇ ಮನುಷ್ಯ ಪೋರ್ಚುಗೀಸ್ ಭಾರತದ ಗವರ್ನರ್ ಆಗಿ ಗೋವಾದಲ್ಲಿ ಬಂದಿಳಿದ. ಅವನ ಜೊತೆಯಲ್ಲೇ ಬಂದ ಪಾದ್ರಿ ಫ್ರಾನ್ಸಿಸ್ ಝೇವಿಯರ್.

ಬ್ರೆಜಿಲ್ಲಿನ ಮೂಲನಿವಾಸಿಗಳಲ್ಲಿ ಅರಾರಿಬೋಯಾ ಎಂಬ ಮುಖಂಡನಿದ್ದ. ತೆಮಿಮಿನೊ ಬುಡಕಟ್ಟಿನವನು. ಫ್ರೆಂಚರ ವಿರುದ್ಧ ಪೋರ್ಚುಗೀಸರಿಗೆ ನೆರವಾದ. ರಿಯೊ ಎದುರಿನ ನಿತೆರೊಯಿ ನಗರ ತನ್ನ ಹುಟ್ಟನ್ನು 1573ರಿಂದ, ಅವನ ಹೆಸರಿನಲ್ಲೇ ಎಣಿಸುತ್ತದೆ. ಈ ಮುಖಂಡನಿಗೆ ಬ್ಯಾಪ್ಟಿಸಮ್, ಅಂದರೆ ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ದೀಕ್ಷಾಸ್ನಾನ, ಆದಾಗ ಇಟ್ಟ ಹೆಸರು ಮಾರ್ಟಿಮ್ ಅಫೊನ್ಸೊ ದೆ ಸೋಜ! ಗವರ್ನರನ ಪೂರ್ತಿ ಹೆಸರನ್ನೇ ಎತ್ತಿ ಕೊಟ್ಟರು. ಸೋಜ ಹೊಳೆಯ ನೀರನ್ನು ಕಣ್ಣಲ್ಲೂ ಕಾಣದ ಒಬ್ಬ ಕಾಡಿನ ನಾಯಕ ಒಂದೇ ದಿನದಲ್ಲಿ ಸೋಜ ಆದ.

ಈ ಒಂದು ಪ್ರಸಂಗ ಓದಿದ ಮೇಲೆ ನನಗೆ ಬಂಟ್ವಾಳದ ಡಿಸೋಜ ಅರ್ಥವಾಗತೊಡಗಿದ.

ಗವರ್ನರ್ ಸೋಜನ ಕೈ ನಮ್ಮ ಕರಾವಳಿಗೂ ತಾಗಿದೆ, ಆದರೆ ಒಳ್ಳೆಯ ರೀತಿಯಲ್ಲಿ ಅಲ್ಲ. 1542ರಲ್ಲೇ ಈತ ಭಟ್ಕಳದ ಮೇಲೆ ದಂಡೆತ್ತಿ ಬಂದ. ಅಲ್ಲಿನ ರಾಣಿ ಕಪ್ಪ ಕೊಡಲಿಲ್ಲ ಎಂಬುದು ನೆಪ. ಊರನ್ನು ಸುಟ್ಟ. ಕರ್ನಾಟಕದ ನೆಲಕ್ಕೆ ಮೊದಲ ಕಾಲದಲ್ಲಿ ಬಂದ ಸೋಜ ಬೆಂಕಿ ಹಿಡಿದು ಬಂದವನು. ಅದೇ ಹೆಸರಿನವರು ಮುಂದೆ ಗೋಣಿಚೀಲ, ಮಕ್ಕಳು ಮರಿ ಕಟ್ಟಿಕೊಂಡು ಗದ್ದೆ ಹುಡುಕುತ್ತಾ ಬಂದರು. ಇವರಿಬ್ಬರನ್ನು ಒಂದೇ ಎಂದು ಎಣಿಸುವುದು ದೊಡ್ಡ ತಪ್ಪು. ಆ ಕ್ಲಾಸಿನ ಹುಡುಗ ಮಾಡಿದ್ದು ಇದೇ ತಪ್ಪನ್ನು.

ಗೋವಾದಲ್ಲಿ ಹೆಸರು ಕೊಟ್ಟ ರೀತಿ

1543ರಲ್ಲಿ ಬಾರ್ದೇಸ್ ಮತ್ತು ಸಾಲ್ಸೇಟ್ ತಾಲ್ಲೂಕುಗಳು ಬಿಜಾಪುರದ ಆದಿಲ್‌ಶಾಹಿಯಿಂದ ಪೋರ್ಚುಗೀಸರ ಕೈಗೆ ಬಂದವು. ಆಗಲೂ ಗವರ್ನರ್ ಇದೇ ಮಾರ್ಟಿಮ್ ಅಫೊನ್ಸೊ. ಆಮೇಲೆ ಬಾರ್ದೇಸಿನಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು, ಸಾಲ್ಸೇಟಿನಲ್ಲಿ ಜೆಸ್ವಿಟ್ ಪಾದ್ರಿಗಳು ಹಳ್ಳಿ ಹಳ್ಳಿಗಳಲ್ಲಿ ಮತಾಂತರದ ಕೆಲಸ ಮಾಡಿದರು. ಕೆಲವರು ನಂಬಿ ಬಂದರು. ಕೆಲವರು ಭೂಮಿ ಉಳಿಸಿಕೊಳ್ಳಲು ಬಂದರು. ಕೆಲವರನ್ನು ಒತ್ತಾಯದಿಂದ ತಂದರು. ದೇವಸ್ಥಾನಗಳು ನೆಲಕ್ಕುರುಳಿದವು. ಆ ನೋವನ್ನು ಮುಚ್ಚಿಡುವ ಅಗತ್ಯ ಇಲ್ಲ.

ಬ್ಯಾಪ್ಟಿಸಮ್ ಆಗುವಾಗ ಹೊಸ ಹೆಸರು ಕಡ್ಡಾಯ. ಧರ್ಮಪಿತನಾಗಿ ನಿಂತ ಪೋರ್ಚುಗೀಸನ ಹೆಸರು, ಇಲ್ಲವೇ ಪಾದ್ರಿಯ ಹೆಸರು, ಇಲ್ಲವೇ ದೊಡ್ಡ ಅಧಿಕಾರಿಯ ಹೆಸರು ಸಿಗುತ್ತಿತ್ತು. ನೂರಾರು ಜನರಿಗೆ ಒಟ್ಟಿಗೆ ಬ್ಯಾಪ್ಟಿಸಮ್ ನಡೆಯುತ್ತಿತ್ತು. 1558ರಿಂದ 1561ರವರೆಗೆ ವೈಸ್‌ರಾಯ್ ಆಗಿದ್ದ ಕಾನ್ಸ್ಟಾಂಟಿನೊ ದೆ ಬ್ರಗಾಂಸ ಅಂಥ ಸಮಾರಂಭಗಳಿಗೆ ತಾನೇ ಹೋಗಿ ನಿಲ್ಲುತ್ತಿದ್ದ. ಹೀಗೆ ಒಂದು ಹಳ್ಳಿಯ ಪ್ರಭು, ಕಾಮತ್, ನಾಯಕ್, ಶೆಣೈ ಮನೆಗಳು ಡಿಸೋಜ, ಪಿಂಟೊ, ಲೋಬೊ, ಪಿರೇರ ಮನೆಗಳಾದವು. ಒಕ್ಕಲು ಮಕ್ಕಳು, ಕುಶಲಕರ್ಮಿಗಳು, ಮೀನುಗಾರರು ಕೂಡ ಅದೇ ಹೆಸರುಗಳನ್ನು ಪಡೆದರು. ಜಾತಿ ಬೇರೆ, ಹೆಸರು ಒಂದೇ.

ಇದಕ್ಕೆ ಒಂದು ಸಾಕ್ಷಿ ನಮ್ಮ ಕಣ್ಣೆದುರೇ ಇದೆ. ತುಳುನಾಡಿನಲ್ಲಿ ಒಂದೇ ಬಳಿಯವರು, ಅಂದರೆ ಒಂದೇ ಕುಲದವರು, ಮದುವೆ ಆಗುವಂತಿಲ್ಲ. ಒಂದೇ ಗೋತ್ರದವರೂ ಆಗುವಂತಿಲ್ಲ. ಆದರೆ ಡಿಸೋಜ ಮನೆಯ ಹುಡುಗ ಡಿಸೋಜ ಮನೆಯ ಹುಡುಗಿಯನ್ನು ಮದುವೆಯಾಗುವುದು ತೀರಾ ಸಾಮಾನ್ಯ. ಯಾರೂ ಹುಬ್ಬೇರಿಸುವುದಿಲ್ಲ. ಹೆಸರು ರಕ್ತದ ಗುರುತಲ್ಲ ಎಂಬುದು ಆ ಸಮುದಾಯಕ್ಕೆ ಚೆನ್ನಾಗಿ ಗೊತ್ತು. ಬಾಯಮ್ಮನ ತವರುಮನೆಯೂ ಡಿಸೋಜ, ಗಂಡನ ಮನೆಯೂ ಡಿಸೋಜ. "ಹೆಸರು ಬದಲಾಯಿಸುವ ಕೆಲಸವೇ ಇರಲಿಲ್ಲ ನನಗೆ" ಅಂದರು.

ಇನ್ನೊಂದು ಸಾಕ್ಷಿ ಲ್ಯಾಬಿನಿಂದ ಬಂದದ್ದು. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರ ಮತ್ತು ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಿಜ್ಞಾನಿಗಳು ಗೋವಾ, ಕುಮಟಾ, ಮಂಗಳೂರುಗಳ 110 ಮಂದಿ ರೋಮನ್ ಕ್ಯಾಥೊಲಿಕರ ಡಿಎನ್‌ಎ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಈ ಜನರ ಮೂಲ ಬಹುಪಾಲು ಇಲ್ಲಿಯದೇ, ಅದರಲ್ಲೂ ಗೌಡ ಸಾರಸ್ವತರ ಹಳೆಯ ಕವಲುಗಳಿಗೆ ಹತ್ತಿರ ಎಂದು ಕಂಡುಬಂತು. ಎಲ್ಲ ಡಿಸೋಜರೂ ಸಾರಸ್ವತ ಮೂಲದವರು ಎಂದು ಇದರ ಅರ್ಥ ಅಲ್ಲ. ಆದರೆ ಅಜ್ಜಿ ಹೇಳಿದ ಮಾತು ಸುಮ್ನೆ ಹೇಳಿದ್ದಲ್ಲ.

ಗೋವಾದಿಂದ ಕೆನರಾಕ್ಕೆ

1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯ ಶುರುವಾಯಿತು. ನಡುವೆ ನಾಲ್ಕು ವರ್ಷ ಬಿಟ್ಟರೆ 1812ರವರೆಗೂ ಇತ್ತು. ಕ್ರಿಸ್ತನನ್ನು ನಂಬಿದರೂ ಹಳೆಯ ಪದ್ಧತಿ ಬಿಡದವರ ಮೇಲೆ ಅದರ ಕಣ್ಣು. ಮದುವೆಯಲ್ಲಿ ಎಲೆ ಅಡಿಕೆ, ಹೂವು ಹಂಚಿದರೂ ತಪ್ಪು ಎನ್ನುವ ಕಾಲವೂ ಬಂತು. ಇದರ ಜೊತೆಗೆ ಬರಗಾಲ, ಸಾಂಕ್ರಾಮಿಕ ರೋಗ, ತೆರಿಗೆ ಸೇರಿಕೊಂಡವು. 1683ರಲ್ಲಿ ಸಂಭಾಜಿಯ ದಾಳಿ, 1739ರಲ್ಲಿ ಮತ್ತೆ ಬಾರ್ದೇಸಿನ ಮೇಲೆ ಮರಾಠರ ದಾಳಿ. ಜನ ಅಲೆ ಅಲೆಯಾಗಿ ತೆಂಕಣಕ್ಕೆ ಬಂದರು.

ಇಲ್ಲಿ ಕೆಳದಿಯ ನಾಯಕರು ಅವರಿಗೆ ಜಾಗ ಕೊಟ್ಟರು. ಬಂದವರು ಒಳ್ಳೆಯ ಬೇಸಾಯಗಾರರು. ಬೀಳು ಬಿದ್ದ ನೆಲ ಗದ್ದೆಯಾದರೆ ಅರಸರಿಗೂ ಗೇಣಿ. ಮಂಗಳೂರಿನ ರೊಸಾರಿಯೊ ಚರ್ಚು 1568ರಷ್ಟು ಹಿಂದೆಯೇ ಇತ್ತು. 1680ರಲ್ಲಿ ಮಿಲಾಗ್ರಿಸ್ ಚರ್ಚು ಎದ್ದಾಗ ಜಾಗ ಸಿಕ್ಕಿದ್ದು ಕೆಳದಿ ಚೆನ್ನಮ್ಮನ ಕಡೆಯಿಂದ.

1784ರಲ್ಲಿ ಟಿಪ್ಪು ಸುಲ್ತಾನ್ ಇವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ದಾರಿಯಲ್ಲಿ, ಸೆರೆಯಲ್ಲಿ ಎಷ್ಟೋ ಜನ ಸತ್ತರು. 1799ರ ನಂತರ ಉಳಿದವರು ಊರಿಗೆ ಮರಳಿ ಬಂದು ಮತ್ತೆ ಗದ್ದೆಗಿಳಿದರು. ಇನ್ನೂರು ವರ್ಷದ ಹಿಂದೆ ಯಾರೋ ಇಟ್ಟ ಹೆಸರನ್ನು ಆಗ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಅಷ್ಟರಲ್ಲಿ ಅದು ಪೋರ್ಚುಗೀಸರ ಹೆಸರಾಗಿ ಉಳಿದಿರಲಿಲ್ಲ. ಸೆರೆಯಲ್ಲಿ ಸತ್ತ ಅಜ್ಜನ ಹೆಸರಾಗಿತ್ತು.

ಹಳೆಯ ಹೆಸರೂ ಪೂರ್ತಿ ಅಳಿಯಲಿಲ್ಲ. ಕೆಲವು ಮನೆಗಳಲ್ಲಿ ಪ್ರಭು, ಕಾಮತ್, ಶೆಟ್, ನಾಯಕ್ ಎಂಬ ಮೂಲದ ನೆನಪನ್ನು ಹಿರಿಯರು ಕಾಪಾಡಿಕೊಂಡು ಬಂದರು. ಅದಕ್ಕಿಂತ ಗಟ್ಟಿಯಾದ ಗುರುತು ತುಳುವಿನಲ್ಲಿದೆ. ತುಳುವರು ಕ್ಯಾಥೊಲಿಕ್ ಗಂಡಸನ್ನು 'ಪೊರ್ಬು' ಎನ್ನುತ್ತಾರೆ, ಮರ್ಯಾದೆಯಿಂದ ಕರೆಯುವಾಗ 'ಪೊರ್ಬುಲೆ'. ಪ್ರಭು ಎಂಬುದೇ ಪೊರ್ಬು. ಚರ್ಚಿನ ಪುಸ್ತಕದಲ್ಲಿ ಡಿಸೋಜ, ಸಂತೆಯಲ್ಲಿ ಪೊರ್ಬು. ನೆರೆಹೊರೆಯ ಜನ ತಮಗೇ ಗೊತ್ತಿಲ್ಲದೆ ನೂರಾರು ವರ್ಷ ಆ ಹಳೆಯ ಹೆಸರನ್ನು ಬಾಯಲ್ಲಿ ಇಟ್ಟುಕೊಂಡು ಬಂದಿದ್ದಾರೆ. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಉಳಿದ ದಾರಿಗಳು

ಬ್ರೆಜಿಲ್ಲಿನಲ್ಲಿ ಈ ಹೆಸರು ದೇಶದ ಅತಿ ಹೆಚ್ಚು ಬಳಕೆಯ ಹೆಸರುಗಳ ಸಾಲಿನಲ್ಲಿ ತೀರಾ ಮೇಲೆಯೇ ಇದೆ. 1549ರಲ್ಲಿ ಸಾಲ್ವಡೋರ್ ನಗರ ಕಟ್ಟಿದ ಮೊದಲ ಗವರ್ನರ್ ಜನರಲ್ ತೊಮೆ ದೆ ಸೋಜ. ಆದರೆ ಇವತ್ತಿನ ಲಕ್ಷಾಂತರ ಸೋಜರು ಅವನ ಮಕ್ಕಳಲ್ಲ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರಿಗೆ ಬ್ಯಾಪ್ಟಿಸಮ್ ಮಾಡಿಸಿ ಒಡೆಯನ ಹೆಸರು ಇಡುತ್ತಿದ್ದರು. 1888ರಲ್ಲಿ ಗುಲಾಮಗಿರಿ ಹೋದ ಮೇಲೆ ಬಿಡುಗಡೆಯಾದವರಿಗೆ ಸರ್ಕಾರಿ ಪುಸ್ತಕದಲ್ಲಿ ಬರೆಸಲು ಒಂದು ಹೆಸರು ಬೇಕಿತ್ತು. ಎಷ್ಟೋ ಜನ ಅದೇ ಹೆಸರನ್ನು ಬರೆಸಿದರು.

ಇದರ ತಿರುಗು ಪ್ರಯಾಣವೂ ಇದೆ, ಓದಿದಾಗ ಮೈ ಜುಂ ಎಂದಿತ್ತು. ಸಾಲ್ವಡೋರಿನಲ್ಲಿ 1754ರಲ್ಲಿ ಹುಟ್ಟಿದ ಫ್ರಾನ್ಸಿಸ್ಕೊ ಫೆಲಿಕ್ಸ್ ದೆ ಸೋಜ ಪಶ್ಚಿಮ ಆಫ್ರಿಕಾದ ವೀದಾ ಬಂದರಿಗೆ ಹೋಗಿ ಗುಲಾಮರ ದೊಡ್ಡ ವ್ಯಾಪಾರಿಯಾದ. 1818ರಲ್ಲಿ ಗೆಜೊ ಎಂಬಾತ ಅಲ್ಲಿನ ದಹೊಮೆ ರಾಜ್ಯದ ಸಿಂಹಾಸನ ಏರಲು ನೆರವಾದ. ರಾಜ ಇವನಿಗೆ 'ಶಾಶಾ' ಎಂಬ ಪದವಿ ಕೊಟ್ಟ. 1849ರಲ್ಲಿ ಸತ್ತಾಗ ಬಿಟ್ಟುಹೋದ ಸಂಸಾರ ಬಹಳ ದೊಡ್ಡದು. ಇವತ್ತಿನ ಬೆನಿನ್ ಮತ್ತು ಟೋಗೊ ದೇಶಗಳ ದೆ ಸೋಜರಲ್ಲಿ ಬಹಳ ಜನ ಅವನ ಸಂತತಿ. ಬೆನಿನ್ ದೇಶದ ಹಿಂದಿನ ಮುಖ್ಯಸ್ಥರಲ್ಲಿ ಒಬ್ಬರು ಪಾಲ್ ಎಮಿಲ್ ದೆ ಸೋಜ. ನಾನು ನೋಡಿದ್ದರಲ್ಲಿ ಹೆಸರು ನಿಜಕ್ಕೂ ಒಬ್ಬ ಮನುಷ್ಯನಿಂದ ಅಪ್ಪ ಮಕ್ಕಳ ದಾರಿಯಲ್ಲಿ ಹರಡಿದ್ದು ಇಲ್ಲಿ ಮಾತ್ರ ಇಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಶ್ರೀಲಂಕಾದಲ್ಲಿ ಅದು ದ ಸೊಯ್ಸಾ ಆಯಿತು, ದ ಜೊಯ್ಸಾ ಆಯಿತು. ಅಲ್ಲಿ ಈ ಹೆಸರಿನ ಅನೇಕರು ಸಿಂಹಳ ಬೌದ್ಧರು. ಪೋರ್ಚುಗೀಸರು 1658ರಲ್ಲೇ ಹೋದರು, ಧರ್ಮವೂ ಎಷ್ಟೋ ಮನೆಗಳಿಂದ ಹೋಯಿತು, ಹೆಸರು ಮಾತ್ರ ನಿಂತಿತು. ಮಲಾಕ, ಸಿಂಗಾಪುರ, ಮಕಾವ್, ಅಂಗೋಲ, ಮೊಜಾಂಬಿಕ್ ಎಲ್ಲ ಕಡೆ ಸೋಜರಿದ್ದಾರೆ. 1878ರಿಂದ ಮದೇರ ಮತ್ತು ಅಸೋರ್ಸ್ ದ್ವೀಪಗಳ ಬಡವರು ಕಬ್ಬಿನ ತೋಟಕ್ಕೆಂದು ಹವಾಯಿಗೆ ಹೋದಾಗ ಅಲ್ಲಿಗೂ ಹೋಯಿತು.

ನಮ್ಮ ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಮೈಗೆ ಸುತ್ತಿಕೊಂಡು ಊದುವ ದೊಡ್ಡ ಹಿತ್ತಾಳೆ ವಾದ್ಯ ನೋಡಿದ್ದೀರಲ್ಲ? ಅದರ ಹೆಸರು ಸೂಸಫೋನ್. ಅಮೆರಿಕದ ಬ್ಯಾಂಡ್ ಸಂಗೀತಗಾರ ಜಾನ್ ಫಿಲಿಪ್ ಸೂಸನಿಂದ ಬಂದ ಹೆಸರು. ಅವನ ತಂದೆ ಸ್ಪೇನಿನ ಸೆವಿಲ್ಲೆಯಲ್ಲಿ ಪೋರ್ಚುಗೀಸ್ ತಂದೆತಾಯಿಗೆ ಹುಟ್ಟಿದವನು. ಹಾಗೆ ನೋಡಿದರೆ ಆ ಹೊಳೆ ನಮ್ಮ ಮದುವೆ ದಿಬ್ಬಣದಲ್ಲೂ ಹರಿಯುತ್ತದೆ.

ಭಾರತದ ಒಳಗೆ ಗೋವಾ, ಮಂಗಳೂರು, ಉಡುಪಿ ಸೀಮೆಗಳು ಈ ಹೆಸರಿನ ನೆಲೆ. ವಸಾಯಿ ಮತ್ತು ಮುಂಬೈ ಸುತ್ತಲಿನ 'ಈಸ್ಟ್ ಇಂಡಿಯನ್' ಎಂದು ಕರೆಸಿಕೊಳ್ಳುವ ಕ್ಯಾಥೊಲಿಕ್ ಸಮುದಾಯದಲ್ಲೂ ಇದೆ. ಇಲ್ಲಿಂದ ಕೆಲಸ ಹುಡುಕಿಕೊಂಡು ಬೆಂಗಳೂರು, ಕರಾಚಿ, ನೈರೋಬಿ, ಕೊಲ್ಲಿ ದೇಶಗಳು, ಕೆನಡಾ. 1947ರಲ್ಲಿ ಮುಂಬೈಯಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದ ಚಿತ್ರಕಾರ ಎಫ್. ಎನ್. ಸೂಜ ಬಾರ್ದೇಸಿನ ಸಾಲಿಗಾವ್ ಊರಿನವರು. ಮಂಗಳೂರು ಧರ್ಮಪ್ರಾಂತ್ಯವನ್ನು 1996ರಿಂದ 2018ರವರೆಗೆ ನಡೆಸಿದ ಬಿಷಪ್ ಅಲೋಶಿಯಸ್ ಪಾವ್ಲ್ ಡಿಸೋಜ.

ಅಕ್ಷರದಲ್ಲಿ ಉಳಿದ ಕಾಲ

ಇಂಗ್ಲಿಷಿನಲ್ಲಿ ನಮ್ಮವರು ಈ ಹೆಸರನ್ನು 'ಝಡ್' ಹಾಕಿ ಬರೆಯುತ್ತಾರೆ. ಪೋರ್ಚುಗಲ್ಲಿನಲ್ಲಿ ಇವತ್ತು 'ಎಸ್'. ಅಲ್ಲಿ 1911ರಲ್ಲಿ ಕಾಗುಣಿತ ತಿದ್ದಿದರು. ಮಂಗಳೂರಿನವರು ಅದಕ್ಕೆ ಎಷ್ಟೋ ಮೊದಲೇ ಪೋರ್ಚುಗೀಸ್ ಆಳ್ವಿಕೆಯ ನೆಲ ಬಿಟ್ಟು ಬಂದಿದ್ದರಿಂದ ಹಳೆಯ ಬರಹವೇ ಇಲ್ಲಿ ಉಳಿಯಿತು. ಬ್ರೆಜಿಲ್ಲಿನಲ್ಲೂ ಝಡ್ ಜಾಸ್ತಿ.

ಇಂಗ್ಲಿಷಿನಲ್ಲಿ 'ಡಿ' ಆದ ಮೇಲೆ ಹಾಕುವ ಆ ಸಣ್ಣ ಕೊಂಬು (ಅಪಾಸ್ಟ್ರಫಿ ಚಿಹ್ನೆ) ನಮ್ಮ ಕಡೆಯದು. ಪೋರ್ಚುಗೀಸಿನಲ್ಲಿ 'ದೆ' ಮುಂದೆ ಸ್ವರ ಬಂದರೆ ಮಾತ್ರ ಆ ಚಿಹ್ನೆ ಬರಬಹುದು, ಸೋಜದ ಮುಂದೆ ಬರುವುದಿಲ್ಲ. ಈ ಕೊಂಬಿನಿಂದ ಮನೆಯವರಿಗೆ ಆಗುವ ತೊಂದರೆ ಅಷ್ಟಿಷ್ಟಲ್ಲ. ಪಕ್ಕದ ಮನೆಯಲ್ಲಿ ಅಪ್ಪನ ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಅಮ್ಮನ ಬ್ಯಾಂಕ್ ಖಾತೆಯಲ್ಲಿ ಇನ್ನೊಂದು, ಮಗನ ಮಾರ್ಕ್ಸ್ ಕಾರ್ಡಿನಲ್ಲಿ ಮತ್ತೊಂದು. ಕಂಪ್ಯೂಟರಿಗೆ ಆ ಚಿಹ್ನೆ ಹಿಡಿಸದೆ ಒಂದು ಕಡೆ ಅರ್ಜಿಯೇ ವಾಪಸ್ ಬಂದಿತ್ತು.

ಆದರೆ ಕನ್ನಡದಲ್ಲಿ ಬರೆದಾಗ ಈ ತೊಡಕು ಇಲ್ಲ. ಇನ್ನೂ ಸಂತೋಷದ ಮಾತು ಏನೆಂದರೆ, ಇಂಗ್ಲಿಷ್ ಓದಿ 'ಡಿಸೂಜ' ಎನ್ನುವವರಿಗಿಂತ ಬಂಟ್ವಾಳದಲ್ಲಿ 'ಸೋಜ' ಎನ್ನುವವರ ಉಚ್ಚಾರಣೆಯೇ ಪೋರ್ಚುಗೀಸಿಗೆ ಹತ್ತಿರ. ಲಿಸ್ಬನ್ನಿನಲ್ಲಿ ಆ ಹೆಸರಿನ ನಡುವೆ ಬರುವುದು 'ಓ' ಸ್ವರವೇ.

ಹುಡುಗನ ಪ್ರಾಜೆಕ್ಟಿಗೆ ಕೊನೆಗೆ ನಾವು ಎರಡು ಬೇರು ಬರೆದೆವು. ಒಂದು ಬೇರು ಹೆಸರಿನದು: ಸೋಜ ಹೊಳೆ, ಗೋವಾ, ಬಂಟ್ವಾಳ. ಇನ್ನೊಂದು ಮನೆಯದು: ಬಾಯಮ್ಮನಿಗೆ ನೆನಪಿದ್ದ ಐದು ತಲೆಮಾರು, ಅದರ ಕೆಳಗೆ ಪೆನ್ಸಿಲ್ಲಿನಲ್ಲಿ 'ಪ್ರಭು'. ಪೆನ್ಸಿಲ್ ಯಾಕೆ ಎಂದು ಕೇಳಿದ. ಇಗರ್ಜಿಯ, ಅಂದರೆ ಊರಿನ ಚರ್ಚಿನ, ಹಳೆಯ ಪುಸ್ತಕ ನೋಡಿ ಗಟ್ಟಿ ಮಾಡಿಕೊಂಡ ಮೇಲೆ ಪೆನ್ನಿನಲ್ಲಿ ಬರೆಯೋಣ ಅಂದೆ. ಮೇ ತಿಂಗಳ ರಜೆಯಲ್ಲಿ ಅಜ್ಜಿಯ ಜೊತೆ ಊರಿಗೆ ಹೋಗುವಾಗ ಆ ಹಾಳೆಯನ್ನೂ ಚೀಲದಲ್ಲಿ ಹಾಕಿಕೊಂಡು ಹೋದ.